ಬಟ್ಟಲೊಳಗಿನ ಬಂಗುಡೆ ಏಕೆ ಈಜುತ್ತಿಲ್ಲ?

ಪ್ರಶ್ನೆ: ನಮಸ್ಕಾರ. ನಮ್ಮದು ಕುಂದಾಪುರದ ಕಡೆ, ಈಗ ಇರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಹುಯ್ದ ಮೇಲೆ ಗಟ್ಟಿಯಾಗುವ ಪಾರದರ್ಶಕ ರೆಸಿನ್ ದ್ರವವನ್ನು ಹುಯ್ದು, ಅದರ ಮೇಲೆ ಬಣ್ಣ ಹಚ್ಚಿ, ಮತ್ತೆ ರೆಸಿನ್ ಹುಯ್ದು ಜೀವಂತ ಮೀನಿನಂತೆ ಕಾಣಿಸುವ ಕಲೆಯನ್ನು ನೋಡಿ ಮರುಳಾಗಿ ನಾನೂ ಕೈಹಾಕಿದೆ. ಧಾರಾವಿಯ ಕುಂಭಾರವಾಡಾದಿಂದ ತಂದ ಮಣ್ಣಿನ ಬಟ್ಟಲಲ್ಲಿ ಒಂದು ಬಂಗುಡೆ ಬಿಡಿಸಿದೆ. ಮಾರ್ಕೆಟ್ಟಿನಿಂದ ಮೀನು ತಂದು ಮುಂದಿಟ್ಟುಕೊಂಡೇ ಬರೆದದ್ದು. ಆದರೂ ಸ್ಟಿಕ್ಕರ್ ಅಂಟಿಸಿದ ಹಾಗಿದೆ, ಜೀವವಿಲ್ಲ. ಬಟ್ಟಲಿನ ಗೋಡೆಯುದ್ದಕ್ಕೂ ಗುಳ್ಳೆ. ಜುಲೈಯಲ್ಲಿ ಹುಯ್ದ ಮೇಲಿನ ಪದರ ಮಸುಕಾಗಿ ಜಿಡ್ಡುಜಿಡ್ಡಾಯಿತು. ಸ್ಪಿರಿಟ್ಟಿನಲ್ಲಿ ಒರೆಸಲು ಹೋದರೆ ಮೀನಿನ ಬೆನ್ನಿನ ಬಣ್ಣವೇ ಎದ್ದು ಬಂತು. ಅಣ್ಣನ ಹೋಟೆಲಿನ ಕೌಂಟರಿನ ಮೇಲೆ ಇಡುವ ಆಸೆ. ಕೆಲಸ ಮಾಡುವುದು ಅಡುಗೆಮನೆಯ ಕಟ್ಟೆಯ ಮೇಲೆ, ರಾತ್ರಿ, ಮಗಳು ಮಲಗಿದ ಮೇಲೆ. ಎಲ್ಲಿ ತಪ್ಪಿದೆ? ಈ ಬಟ್ಟಲನ್ನು ಉಳಿಸಬಹುದೇ? ಫೋಟೋ ಕಳಿಸಿದ್ದೇನೆ.

ಉತ್ತರ: ಫೋಟೋ ನೋಡಿದೆ. ನಿಮ್ಮ ಕೈ ಚೆನ್ನಾಗಿದೆ. ಕಿವಿರಿನ ಅಂಚು, ಬಾಯಿಯ ಓರೆ, ಬಾಲದ ಕವಲು ಎಲ್ಲವೂ ಬಂಗುಡೆಯದ್ದೇ. ತೊಡಕಿರುವುದು ನೀವು ಅದನ್ನು ನೋಡಿದ ದಿಕ್ಕಿನಲ್ಲಿ.

ನೀವು ಬರೆದದ್ದು ಪಕ್ಕದಿಂದ ಕಂಡ ಮೀನು. ಬಟ್ಟಲನ್ನು ನೋಡುವುದು ಮೇಲಿನಿಂದ. ನೀರಿನಲ್ಲಿರುವ ಬಂಗುಡೆಯನ್ನು ನೆತ್ತಿಯ ಮೇಲಿನಿಂದ ನೋಡುವವನಿಗೆ ಅದರ ಪಕ್ಕ ಪೂರ್ತಿಯಾಗಿ ಕಾಣಿಸಿತು ಎಂದರೆ ಆ ಮೀನು ಮಗ್ಗುಲಾಗಿ ಬಿದ್ದಿದೆ ಎಂದರ್ಥ. ಮಗ್ಗುಲಾಗಿ ಬಿದ್ದ ಮೀನು ಸತ್ತ ಮೀನು. ನೋಡುವವರು ಇದನ್ನು ಬಾಯಿಬಿಟ್ಟು ಹೇಳಲಾರರು, ಆದರೆ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಮಾರ್ಕೆಟ್ಟಿನ ಮೀನನ್ನು ತಟ್ಟೆಯಲ್ಲಿಟ್ಟು ಬರೆದದ್ದರಿಂದ ಇದು ಇನ್ನೂ ಗಟ್ಟಿಯಾಯಿತು: ರೆಕ್ಕೆಗಳು ಮೈಗೆ ಮುದುಡಿವೆ, ಕಣ್ಣಿಗೆ ಪೊರೆ ಬಂದಿದೆ, ಬೆನ್ನಿನ ಗೆರೆಗಳು ಕಪ್ಪಾಗಿವೆ. ನೀರಿನಿಂದ ಆಗಷ್ಟೇ ಎತ್ತಿದ ಬಂಗುಡೆಯ ಬೆನ್ನಿನ ಉದ್ದುದ್ದ ಗೆರೆಗಳು ಹೊಂಬಣ್ಣಕ್ಕೆ ತಿರುಗುತ್ತವೆ. ಸತ್ತ ಮೇಲೆ ಆ ಹೊಳಪು ಹೋಗುತ್ತದೆ. ಒಂದು ದಿನ ಬೆಳಗಿನ ಜಾವ ಮುಂಬೈಯ ಮೀನುದೋಣಿಗಳು ಬಂದು ನಿಲ್ಲುವ ಭಾವುಚಾ ಧಕ್ಕಾಕ್ಕೋ ಸಸೂನ್ ಡಾಕಿಗೋ ಹೋಗಿ ದೋಣಿಯಿಂದ ಬುಟ್ಟಿ ಇಳಿಯುವಾಗಲೇ ನೋಡಿ. ಡೊಂಬಿವಲಿಯಿಂದ ಮೊದಲ ಲೋಕಲ್ ಹಿಡಿದರೂ ಸಾರ್ಥಕವಾಗುವ ನೋಟ ಅದು.

ಈ ಕಲೆಯನ್ನು ಜಗತ್ತಿಗೆ ತೋರಿಸಿಕೊಟ್ಟ ಜಪಾನಿನ ರಿಯುಸುಕೆ ಫುಕಾಹೊರಿ ಗೋಲ್ಡ್ ಫಿಶ್‌ಗಳನ್ನೇ ಏಕೆ ಹಿಡಿದುಕೊಂಡರು ಎಂಬುದನ್ನೂ ಇಲ್ಲೇ ಹೇಳಬೇಕು. 2000ನೇ ಇಸವಿಯಲ್ಲಿ, ಕಲೆಯನ್ನೇ ಬಿಟ್ಟುಬಿಡುವ ಮನಸ್ಸಾಗಿದ್ದಾಗ, ವರ್ಷಗಳಿಂದ ಕೋಣೆಯಲ್ಲಿ ಸಾಕಿಕೊಂಡಿದ್ದ ಒಂದು ಗೋಲ್ಡ್ ಫಿಶ್ ಅವರ ಕಣ್ಣಿಗೆ ಬಿತ್ತು. ಅದನ್ನು ಅವರು ನೋಡಿದ್ದು ಮೇಲಿನಿಂದ. ಅಲ್ಲಿಂದ ಮುಂದೆ ಅಕ್ಕಿ ಅಳೆಯುವ ಚೌಕದ ಮರದ ಪೆಟ್ಟಿಗೆಗಳಲ್ಲಿ, ಬಟ್ಟಲುಗಳಲ್ಲಿ ಪದರ ಪದರವಾಗಿ ಮೀನು ಬರೆದರು. 2011ರ ಲಂಡನ್ ಪ್ರದರ್ಶನದ ಹೊತ್ತಿಗೆ ಅವರ ಕೆಲಸ ಎಲ್ಲ ಕಡೆ ಹರಡಿತು. ಅಲಂಕಾರದ ಗೋಲ್ಡ್ ಫಿಶ್‌ನಲ್ಲಿ ಹಲವು ತಳಿಗಳಿಗೆ ಬಾಲ ಜೋಡಿಯಾಗಿದ್ದು, ಎರಡೂ ಬದಿಗೆ ಸೆರಗಿನಂತೆ ಅಡ್ಡಕ್ಕೆ ಬಿಚ್ಚಿಕೊಳ್ಳುತ್ತದೆ. ತೊಟ್ಟಿಯಲ್ಲಿಟ್ಟು ಮೇಲಿನಿಂದ ನೋಡಲೆಂದೇ ಬೆಳೆಸಿಕೊಂಡು ಬಂದ ತಳಿಗಳೂ ಅದರಲ್ಲಿವೆ. ನಿಮ್ಮ ಬಂಗುಡೆಯ ಬಾಲ ನೇರ ನಿಂತಿರುತ್ತದೆ. ಮೇಲಿನಿಂದ ನೋಡಿದರೆ ಕವಲು ಕಾಣುವುದೇ ಇಲ್ಲ, ಸಣ್ಣಗೆ ಬಾಗಿದ ಒಂದು ಗೆರೆ ಮಾತ್ರ ಕಾಣುತ್ತದೆ.

ಹಾಗಾದರೆ ಬಂಗುಡೆಯನ್ನು ಕೈಬಿಡಬೇಕೇ? ಬೇಡ. ಊರಿನ ಮೀನನ್ನು ಬರೆಯಬೇಕೆಂಬ ನಿಮ್ಮ ಆಸೆ ನನಗೆ ತುಂಬ ಹಿಡಿಸಿತು. ಎಲ್ಲರೂ ಕೋಯ್, ಗೋಲ್ಡ್ ಫಿಶ್ ಎಂದು ಜಪಾನಿನದನ್ನೇ ನಕಲು ಮಾಡುತ್ತಿರುವಾಗ ಒಂದು ಬಂಗುಡೆ ಬರಲಿ. ಮೇಲಿನಿಂದ ಅದು ಹೇಗಿರುತ್ತದೆ ಎಂದು ಮೊದಲು ಮನಸ್ಸಿಗೆ ತಂದುಕೊಳ್ಳಿ. ಕದಿರಿನ ಆಕಾರದ ಹಸಿರು-ನೀಲಿ ಬೆನ್ನು. ನಡುಗೆರೆಯ ಎರಡೂ ಕಡೆ ಹೊಂಬಣ್ಣದ ಗೆರೆ. ಬೆನ್ನಿನ ಎರಡು ರೆಕ್ಕೆಗಳು ಅಂಚು ಮಾತ್ರ ತೋರಿಸುವ ಸಣ್ಣ ಗೆರೆಗಳು, ಅವುಗಳ ಹಿಂದೆ ಬಾಲದವರೆಗೆ ಸಾಲಾಗಿ 5 ಕಿರುರೆಕ್ಕೆಗಳು. ಕಿವಿರಿನ ಹಿಂದೆ ಎದೆಯ ರೆಕ್ಕೆಗಳು ಎರಡೂ ಬದಿಗೆ. ಬೆಳ್ಳಿಯಂಥ ಹೊಟ್ಟೆ ಕಾಣುವುದಿಲ್ಲ. ಮೇಲಿನಿಂದ ಎರಗುವ ಹಕ್ಕಿಗೆ ಬೆನ್ನು ಕಡಲ ಕಪ್ಪಿನಲ್ಲಿ ಬೆರೆತುಹೋಗಬೇಕು, ಕೆಳಗಿನಿಂದ ಬರುವ ದೊಡ್ಡ ಮೀನಿಗೆ ಹೊಟ್ಟೆ ಬೆಳಕಿನಲ್ಲಿ ಕರಗಬೇಕು. ಅದಕ್ಕೇ ಆ ಎರಡು ಬಣ್ಣ.

ಬೆಳ್ಳಿ ಬೇಕೇ ಬೇಕು ಎಂದರೆ ಅದಕ್ಕೂ ದಾರಿಯಿದೆ. ಬಂಗುಡೆ ಒಂಟಿಯಾಗಿ ಈಜುವ ಮೀನಲ್ಲ, ಹಿಂಡಿನದ್ದು. ಹಿಂಡು ತಿರುಗುವಾಗ ಕೆಲವು ಮೀನುಗಳು ಮೈ ಓರೆ ಮಾಡುತ್ತವೆ, ಆ ಕ್ಷಣ ಪಕ್ಕ ಮಿಂಚುತ್ತದೆ. ಅಗಲ ಬಟ್ಟಲಲ್ಲಿ ಐದಾರು ಸಣ್ಣ ಬಂಗುಡೆ ಬರೆಯಿರಿ, ಒಂದೇ ಒಂದನ್ನು ಅರ್ಧ ಓರೆಯಾಗಿ ತಿರುಗಿಸಿ, ಅದಕ್ಕೆ ಮಾತ್ರ ಬೆಳ್ಳಿ ಕೊಡಿ. ಹೊಳೆಯುವ ಅಭ್ರಕದ ಪುಡಿಯನ್ನು ಅಕ್ರಿಲಿಕ್ ಮೀಡಿಯಮ್ಮಿನಲ್ಲಿ ಕಲಸಿ ತೆಳುವಾಗಿ ಹಚ್ಚಿದರೆ ಸಾಕು.

ಈಗ ಪದರಗಳ ವಿಷಯ. ನೀವು ಇಡೀ ಮೀನನ್ನು ಒಂದೇ ಪದರದ ಮೇಲೆ ಮುಗಿಸಿ, ಮೇಲೆ ದಪ್ಪಗೆ ರೆಸಿನ್ ಹುಯ್ದಿದ್ದೀರಿ. ಅದು ಗಾಜಿನ ಕೆಳಗಿನ ಚಿತ್ರವಾಯಿತು. ಮೀನಿಗೆ ಮೈ ಬರಬೇಕಾದರೆ ಅದನ್ನು ಅಡ್ಡಕ್ಕೆ ಕೊಯ್ದು ನೋಡಬೇಕು: ಅತಿ ಅಗಲದ ಭಾಗ ಕೆಳಗೆ, ಬೆನ್ನಿನ ಏಣು ಮೇಲೆ, ನಡುವೆ ಪ್ರತಿ ಪದರದಲ್ಲೂ ಆಕಾರ ಸ್ವಲ್ಪ ಸ್ವಲ್ಪ ಕಿರಿದಾಗುತ್ತ ಬರಬೇಕು. ಗುಡ್ಡದ ಎತ್ತರ ತೋರಿಸುವ ನಕ್ಷೆಯ ಗೆರೆಗಳ ಹಾಗೆ.

ಎಷ್ಟು ಪದರ ಬೇಕೆಂದು ಲೆಕ್ಕ ಹಾಕೋಣ, ಏಕೆಂದರೆ ಇಲ್ಲಿ ಎಲ್ಲರೂ ಎಡವುತ್ತಾರೆ. ಗಟ್ಟಿಯಾದ ಎಪಾಕ್ಸಿ ರೆಸಿನ್ನಿನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, ಸುಮಾರು 1.5, ನೀರಿನದ್ದು 1.33. ನೆತ್ತಿಯ ಮೇಲಿನಿಂದ ನೋಡಿದಾಗ ಕಾಣುವ ಆಳ, ನಿಜವಾದ ಆಳವನ್ನು ಈ ಸಂಖ್ಯೆಯಿಂದ ಭಾಗಿಸಿದಷ್ಟು. ಅಂದರೆ 3 ಸೆಂ.ಮೀ. ರೆಸಿನ್ ಕಣ್ಣಿಗೆ 2 ಸೆಂ.ಮೀ. ಆಗಿ ಕಾಣುತ್ತದೆ. ನಿಮ್ಮ ಬಂಗುಡೆ 12 ಸೆಂ.ಮೀ. ಉದ್ದವಿದ್ದರೆ ಅದರ ಮೈಯ ಎತ್ತರ ಸುಮಾರು 3 ಸೆಂ.ಮೀ. ಇರಬೇಕು. ಅದರಲ್ಲಿ ಮೇಲಿನ ಅರ್ಧ ಮಾತ್ರ ನೋಡುವವರಿಗೆ ಕಾಣುವುದು, 1.5 ಸೆಂ.ಮೀ. ಅಷ್ಟು ಕಾಣಿಸಬೇಕಾದರೆ ನಿಜವಾಗಿ 2.2 ಸೆಂ.ಮೀ.ಯಷ್ಟು ರೆಸಿನ್ ಬೇಕು. 3 ಮಿ.ಮೀ. ಪದರವಾದರೆ ಏಳು ಪದರ ಮೈಗೇ ಹೋಯಿತು. ಅದರ ಕೆಳಗೆ ಬಣ್ಣವಿಲ್ಲದ ಖಾಲಿ ರೆಸಿನ್ 1 ಸೆಂ.ಮೀ. ಆದರೂ ಬೇಕು.

ಆ ಖಾಲಿ ಜಾಗವನ್ನು ಉಳಿತಾಯ ಮಾಡಬೇಡಿ. ಜೀವ ಬರುವುದು ಅಲ್ಲಿಂದಲೇ. ಮೀನಿನ ಬಣ್ಣ ತಳದಿಂದ ಮೇಲೆ ತೇಲುತ್ತಿದ್ದರೆ ಕೋಣೆಯ ಬೆಳಕು ಅದರ ನೆರಳನ್ನು ತಳದ ಮೇಲೆ ತಾನಾಗಿ ಬೀಳಿಸುತ್ತದೆ. ನೀವು ತಲೆ ಆಡಿಸಿದರೆ ಮೀನಿಗೂ ನೆರಳಿಗೂ ನಡುವಿನ ಅಂತರ ಬದಲಾಗುತ್ತದೆ, ದೀಪ ಸರಿಸಿದರೆ ನೆರಳು ಸರಿಯುತ್ತದೆ. ಬಣ್ಣದಲ್ಲಿ ನೆರಳು ಬರೆದರೆ ಇದು ಸಿಕ್ಕುವುದಿಲ್ಲ, ದಯವಿಟ್ಟು ಬರೆಯಲೇಬೇಡಿ. ಆದರೆ ನೆರಳು ಬೀಳಲು ತಳ ತಿಳಿಬಣ್ಣದ್ದಾಗಿರಬೇಕು. ನಿಮ್ಮ ಬಟ್ಟಲಿನ ಕೆಂಪುಮಣ್ಣು ನೆರಳನ್ನೆಲ್ಲ ನುಂಗಿಬಿಟ್ಟಿದೆ. ತಳಕ್ಕೆ ಮರಳಿನ ತಿಳಿಬಣ್ಣ ಹಚ್ಚಿ ಒಣಗಿಸಿಕೊಂಡು ಶುರುಮಾಡಿ.

ಪದರಕ್ಕೆ ಬಣ್ಣ ಹಚ್ಚುವಾಗ ಕೈ ಹಿಡಿತದಲ್ಲಿರಲಿ. ಕೆಳಗಿನ, ಅತಿ ಅಗಲದ ಪದರದಲ್ಲಿ ಮೈಯ ಆಕಾರವನ್ನು ಮಾಸಲು ಬಣ್ಣದಲ್ಲಿ ತುಂಬಿ, ಅದೇ ಪದರದಲ್ಲಿ ಎದೆಯ ರೆಕ್ಕೆಗಳನ್ನೂ ಬಿಡಿಸಿ. ರೆಕ್ಕೆ ತುಂಬ ತೆಳುವಾಗಿರಲಿ, ಕಡ್ಡಿಗಳ ನಡುವೆ ತಳ ಕಾಣಬೇಕು. ಎರಡೂ ರೆಕ್ಕೆ ಒಂದೇ ಕೋನದಲ್ಲಿ ಬೇಡ. ತಿರುಗುವ ಮೀನು ಒಂದನ್ನು ಹೆಚ್ಚು ಬಿಚ್ಚುತ್ತದೆ. ಮುಂದಿನ ಪದರಗಳಲ್ಲಿ ಅಂಚಿಗೆ ಹೋದಂತೆ ಕುಂಚವನ್ನು ಒಣಗಿಸಿಕೊಂಡು ಚುಕ್ಕೆ ಚುಕ್ಕೆಯಾಗಿ ಕರಗಿಸಿ, ಗಟ್ಟಿ ಅಂಚು ಬಂದರೆ ಮೆಟ್ಟಿಲು ಕಾಣುತ್ತದೆ. ಹೊಂಬಣ್ಣದ ಗೆರೆಗಳನ್ನು ಒಂದೇ ಪದರದಲ್ಲಿ ಮುಗಿಸದೆ ಎರಡು ಮೂರು ಪದರಗಳಿಗೆ ಹಂಚಿ. ಬಾಲದ ಗೆರೆಯನ್ನು ಮಾತ್ರ ಪ್ರತಿ ಪದರದಲ್ಲೂ ಅದೇ ಜಾಗದಲ್ಲಿ ಮತ್ತೆ ಮತ್ತೆ ಎಳೆಯಿರಿ, ಆ ಗೆರೆಗಳೆಲ್ಲ ಸೇರಿ ನಿಂತ ಬಾಲವಾಗುತ್ತದೆ. ಬೆನ್ನಿನ ರೆಕ್ಕೆಯ ಅಂಚು ಕಟ್ಟಕಡೆಯ ಪದರದಲ್ಲಿ. ಮೈಯನ್ನು ಸ್ವಲ್ಪ ಬಾಗಿಸುವುದನ್ನು ಮರೆಯಬೇಡಿ, ನೆಟ್ಟಗಿರುವ ಮೀನು ಈಜುವುದಿಲ್ಲ. ನಿಮ್ಮ ಕಡೆಯವರೇ ಆದ, ಕಟ್ಟಿಂಗೇರಿಯಿಂದ ಮುಂಬೈಗೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಒಮ್ಮೆ ಎದುರಿಗಿಟ್ಟುಕೊಳ್ಳಿ. ಕುಣಿಯುವವರ ಮೈಯ ತಿರುವನ್ನು ಅವರು ಎಷ್ಟು ಕಡಿಮೆ ಗೆರೆಗಳಲ್ಲಿ ಹಿಡಿಯುತ್ತಾರೆ ನೋಡಿ. ಒಂದು ಪದರಕ್ಕೆ ಬೇಕಾದದ್ದು ಅಷ್ಟೇ.

ಜೀವಂತ ಮೀನನ್ನು ಮೇಲಿನಿಂದ ನೋಡಲು ಕ್ರಾಫರ್ಡ್ ಮಾರ್ಕೆಟ್ಟಿನ ಅಕ್ವೇರಿಯಂ ಅಂಗಡಿಗಳಿಗೆ ಹೋಗಿ, ಟಬ್ಬುಗಳ ಮುಂದೆ ಬಗ್ಗಿ ನಿಲ್ಲಿ. ಗಾಜಿನ ತೊಟ್ಟಿ ಬೇಡ, ಅದು ಮತ್ತೆ ಪಕ್ಕವನ್ನೇ ಕಲಿಸುತ್ತದೆ. ಬೇರೆ ಜಾತಿಯ ಮೀನಾದರೂ ಬಾಗುವ, ರೆಕ್ಕೆ ಬಿಚ್ಚುವ ರೀತಿಯನ್ನು ಅಲ್ಲಿ ಕಲಿಯಬಹುದು.

ಅಂದಹಾಗೆ ಗಾಜಿನ ಲೋಟದಲ್ಲಿ ಇದನ್ನು ಮಾಡುವ ಯೋಚನೆ ಬಂದರೆ ತಡೆಯಿರಿ. ಪಕ್ಕದಿಂದ ನೋಡಿದವರಿಗೆ ತೇಲುವ ಬಣ್ಣದ ಹಾಳೆಗಳು ಒಂದರ ಮೇಲೊಂದು ಕಾಣುತ್ತವೆ, ಮಾಯೆ ಅಲ್ಲಿಗೆ ಮುಗಿಯಿತು. ಬದಿ ಕಾಣದ ಪಾತ್ರೆಯೇ ಇದಕ್ಕೆ ಸರಿ. ಸಿಂಗಾಪುರದ ಕೆಂಗ್ ಲೈ ಎಂಬ ಕಲಾವಿದರು 2012ರಿಂದ ಇದೇ ವಿಧಾನದಲ್ಲಿ ಕೆಲಸ ಮಾಡುತ್ತ, ಆಮೆಯ ಚಿಪ್ಪಿಗೆ, ಆಕ್ಟೋಪಸ್ಸಿನ ತಲೆಗೆ ಮೊಟ್ಟೆಯ ಚಿಪ್ಪು, ಬೆಣಚುಕಲ್ಲಿನಂಥ ವಸ್ತುಗಳನ್ನು ಸೇರಿಸಿ ರೆಸಿನ್ನಿನಿಂದ ಮೇಲಕ್ಕೆ ಉಬ್ಬಿಸಿದರು. ನಿಮಗೆ ಏಡಿಯ ಆಸೆ ಬಂದರೆ ಆ ದಾರಿ ಒಳ್ಳೆಯದು.

ಇನ್ನು ಗುಳ್ಳೆ. ನಿಮ್ಮ ಗುಳ್ಳೆಗಳು ಗೋಡೆಯುದ್ದಕ್ಕೂ ಇವೆ, ನಡುವೆ ಇಲ್ಲ. ಅಂದರೆ ಕಲಸುವಾಗ ಬಂದವಲ್ಲ. ಸುಟ್ಟ ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಗಾಳಿ ಕೂತಿರುತ್ತದೆ. ರೆಸಿನ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಆ ಬಿಸಿಗೆ ಗಾಳಿ ಹಿಗ್ಗಿ ಹೊರಬರುತ್ತದೆ. ಬಟ್ಟಲನ್ನು ಚೆನ್ನಾಗಿ ಒಣಗಿಸಿ, ಒಳಗೋಡೆಗೆಲ್ಲ ಕುಂಚದಿಂದ ತೆಳುವಾಗಿ ರೆಸಿನ್ ಬಳಿದು ಗಟ್ಟಿಯಾಗಲು ಬಿಡಿ, ಬೇಕಾದರೆ ಎರಡನೇ ಸಲವೂ ಬಳಿಯಿರಿ. ರಂಧ್ರ ಮುಚ್ಚಿದ ಮೇಲೆ ಮೊದಲ ಪದರ. ಬಣ್ಣ ಹಚ್ಚಿದ ಜಾಗದ ಮೇಲೂ ಇದೇ ಉಪಾಯ: ಮೊದಲು ಕುಂಚದಿಂದ ರೆಸಿನ್ ಸವರಿ, ಆಮೇಲೆ ಹುಯ್ಯಿರಿ. ಮೇಲೆ ಬಂದ ಗುಳ್ಳೆಗೆ ಸಣ್ಣ ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ದೂರದಿಂದ ಸರ್ರನೆ ಹಾಯಿಸಿದರೆ ಒಡೆಯುತ್ತದೆ. ಒಂದೇ ಕಡೆ ಹಿಡಿದರೆ ರೆಸಿನ್ ಸುಡುತ್ತದೆ.

15 ಸೆಂ.ಮೀ. ಅಗಲದ ಬಟ್ಟಲಿಗೆ 3 ಮಿ.ಮೀ. ಪದರವೆಂದರೆ ಸುಮಾರು 53 ಮಿ.ಲೀ. ರೆಸಿನ್. ಬೇಗ ಮುಗಿಸುವ ಆಸೆಗೆ ಇಮ್ಮಡಿ ಮೂರ್ಮಡಿ ಹುಯ್ಯಬೇಡಿ, ದಪ್ಪ ಪದರದಲ್ಲಿ ಬಿಸಿ ಹೊರಹೋಗದೆ ಬಿರುಕು ಬಿಡುತ್ತದೆ, ಹಳದಿಯಾಗುತ್ತದೆ, ಹೊಗೆಯೂ ಬರಬಹುದು. ರೆಸಿನ್ ಮತ್ತು ಅದನ್ನು ಗಟ್ಟಿಮಾಡುವ ಹಾರ್ಡನರಿನ ಪ್ರಮಾಣವನ್ನು ಬಾಟಲಿಯ ಮೇಲೆ ಬರೆದ ಹಾಗೆಯೇ ಅಳೆಯಿರಿ. ಅಲ್ಲಿ ಅಳತೆ ಗಾತ್ರದಲ್ಲಿದ್ದರೆ ಅದನ್ನೇ ತಕ್ಕಡಿಯಲ್ಲಿ ತೂಗಬೇಡಿ, ಎರಡರ ಸಾಂದ್ರತೆ ಬೇರೆ ಬೇರೆ. ಕಲಸುವಾಗ ಲೋಟದ ಗೋಡೆ, ತಳ ಎಲ್ಲ ಕೆರೆದು ನಿಧಾನವಾಗಿ ಕಲಸಿ. ಬಾಟಲಿಯ ಮೇಲಿನ ಸಮಯ ಸಾಮಾನ್ಯವಾಗಿ 25 ಡಿಗ್ರಿಯ ಆಸುಪಾಸಿನದು. ನಮ್ಮ ಮೇ ತಿಂಗಳಲ್ಲಿ ಅದರ ಅರ್ಧವೆಂದುಕೊಂಡು ಕೈ ಚುರುಕು ಮಾಡಿ.

ಜುಲೈಯ ಮಸುಕಿಗೆ ಕಾರಣ ಮಳೆಗಾಲವೇ. ಹಾರ್ಡನರಿನಲ್ಲಿರುವ ಅಮೀನ್ ಎಂಬ ರಾಸಾಯನಿಕ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನ ಜೊತೆ ಸೇರಿ ಮೇಣದಂಥ ಪೊರೆ ಕಟ್ಟುತ್ತದೆ. ಮುಂಬೈಯ ಜುಲೈ ಗಾಳಿಯಲ್ಲಿ ತೇವಾಂಶ 80 ಶೇಕಡಾ ದಾಟುವುದು ಸಾಮಾನ್ಯ. ನಿಮ್ಮದು ಇದೇ ಪೊರೆಯೋ ಅಥವಾ ಅಳತೆ ತಪ್ಪಿ ಹಸಿಯಾಗಿ ಉಳಿದ ರೆಸಿನ್ನೋ ಎಂದು ತಿಳಿಯಲು ಗ್ಲೌಸ್ ಹಾಕಿಕೊಂಡು, ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ ಒರೆಸಿ ನೋಡಿ. ಜಿಡ್ಡು ಹೋಗಿ ಕೆಳಗೆ ಗಟ್ಟಿ ಸಿಕ್ಕರೆ ಪೊರೆ. ಕಡ್ಡಿಯಿಂದ ಒತ್ತಿದರೆ ಕುಳಿ ಬೀಳುವಂತಿದ್ದರೆ ಆ ಪದರವನ್ನು ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ, ಮೇಲೆ ಎಷ್ಟು ಹುಯ್ದರೂ ಕೆಳಗಿನದು ಗಟ್ಟಿಯಾಗದು. ಪೊರೆ ತೊಳೆದ ಮೇಲೆ 220 ನಂಬರಿನ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ತಿಕ್ಕಿ, ಪೂರ್ತಿ ಒಣಗಿಸಿ. ಮೇಲ್ಮೈ ಬಿಳಿಚಿ ಮಂಜಾಗುತ್ತದೆ, ಗಾಬರಿ ಬೇಡ. ಮುಂದಿನ ರೆಸಿನ್ ಆ ಗೀರುಗಳನ್ನು ತುಂಬುತ್ತದೆ. ಎರಡರ ವಕ್ರೀಭವನ ಸೂಚ್ಯಂಕವೂ ಒಂದೇ ಆದ್ದರಿಂದ ಬೆಳಕಿಗೆ ಅಲ್ಲಿ ಗಡಿಯೇ ಇಲ್ಲ, ಮಂಜು ಮಾಯವಾಗುತ್ತದೆ. ಈ ಗೀರು ಬಣ್ಣ ಹಿಡಿಯಲೂ ಬೇಕು. ನುಣುಪಾದ ರೆಸಿನ್ ಮೇಲೆ ಅಕ್ರಿಲಿಕ್ ಹನಿಹನಿಯಾಗಿ ಸರಿದುಹೋಗುತ್ತದೆ.

ಸ್ಪಿರಿಟ್ ಒಣಗಿದ ಅಕ್ರಿಲಿಕ್ಕನ್ನು ಕರಗಿಸುತ್ತದೆ. ಬಣ್ಣ ಹಚ್ಚುವ ಮೊದಲು ಒರೆಸಬಹುದು, ಹಚ್ಚಿದ ಮೇಲೆ ಮುಟ್ಟಿಸಬಾರದು. ಬಣ್ಣ ಹಚ್ಚಿದ ಮೇಲೆ ಒಂದು ರಾತ್ರಿಯಾದರೂ ಒಣಗಲಿ, ಅದರಲ್ಲಿ ಉಳಿದ ನೀರೂ ಮಸುಕಿಗೆ ಕಾರಣವಾಗುತ್ತದೆ. ಎಣ್ಣೆಬಣ್ಣ ಈ ಕೆಲಸಕ್ಕೆ ಬೇಡವೇ ಬೇಡ.

ಈಗ ನನಗೆ ನಿಜವಾಗಿ ಚಿಂತೆ ಹತ್ತಿಸಿದ ಮಾತು: ಅಡುಗೆಮನೆಯ ಕಟ್ಟೆ. ದಯವಿಟ್ಟು ಇವತ್ತೇ ನಿಲ್ಲಿಸಿ. ಹಸಿ ಎಪಾಕ್ಸಿ ಮತ್ತು ಹಾರ್ಡನರ್ ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ, ಆಮೇಲೆ ಸ್ವಲ್ಪ ತಾಗಿದರೂ ಕೈ ಮುಖ ಕೆಂಪಾಗಿ ಊದಿಕೊಳ್ಳುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿ, ರಬ್ಬರಿನ ಸಾದಾ ಗ್ಲೌಸ್ ಸಾಲದು. ಚರ್ಮಕ್ಕೆ ತಾಗಿದರೆ ಸೋಪು ನೀರಿನಲ್ಲಿ ತೊಳೆಯಿರಿ, ಥಿನ್ನರ್ ಹಾಕಿ ಒರೆಸಿದರೆ ಅದು ಒಳಕ್ಕೆ ಇಳಿಯುತ್ತದೆ. ಎನ್95 ಮಾಸ್ಕ್ ಧೂಳನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಆವಿಗೆ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಉಪ್ಪುಕಾಗದ ಹಾಕುವುದು ಯಾವಾಗಲೂ ನೀರು ಹಾಕಿಯೇ. ಒಂದು ಕೋಣೆಯ ಮನೆಯಲ್ಲಿ ಮಗು ಪಕ್ಕದಲ್ಲೇ ಮಲಗಿರುವಾಗ ಇದನ್ನು ಮಾಡಬಾರದು. ಮುಂಬೈಯಲ್ಲಿ ಜಾಗದ ಕಷ್ಟ ನನಗೆ ಗೊತ್ತು. ಆದರೂ ಅಣ್ಣನ ಹೋಟೆಲಿನ ಮಾಳಿಗೆಯೋ, ಗೆಳೆಯರ ಗಾಳಾದಲ್ಲಿ (ಸಣ್ಣ ಕಾರ್ಖಾನೆಯ ಮಳಿಗೆಯಲ್ಲಿ) ಬೀಗ ಹಾಕಬಹುದಾದ ಗಾಳಿಯಾಡುವ ಕೋಣೆಯೋ ಸಿಕ್ಕೀತೇ ವಿಚಾರಿಸಿ. ಹುಯ್ದು ಮುಚ್ಚಳ ಮುಚ್ಚಿ ಗಟ್ಟಿಯಾಗುವವರೆಗೆ ಅಲ್ಲೇ ಇರಲಿ. ಹೋಟೆಲಾದರೆ ಅಡುಗೆ ನಡೆಯುವ ಜಾಗದಿಂದ ದೂರ, ಒಲೆಯಿಂದ ದೂರ.

ಕೌಂಟರಿನ ಮೇಲೆ ಇಡಬಹುದು. ಬಿಸಿಲು ನೇರವಾಗಿ ಬೀಳುವ ಬಾಗಿಲ ಬದಿಯಲ್ಲಿ ಬೇಡ, ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತದೆ. ಬಟ್ಟಲಾದ್ದರಿಂದ ಯಾರಾದರೂ ಸೋಂಪು, ಸಕ್ಕರೆ ಹಾಕಿಡಲು ಹೊರಡುತ್ತಾರೆ, ಅದಕ್ಕೆ ಬಿಡಬೇಡಿ. ಬಿಸಿ ಚಹಾದ ಲೋಟ ಇಟ್ಟರೆ ವೃತ್ತದ ಕಲೆ ಉಳಿಯುತ್ತದೆ. ಸಾಧ್ಯವಾದರೆ ಮೇಲಿನಿಂದ ಒಂದು ಸಣ್ಣ ದೀಪ ಓರೆಯಾಗಿ ಬೀಳುವಂತೆ ಮಾಡಿ, ನೆರಳು ಚೆನ್ನಾಗಿ ಮೂಡುತ್ತದೆ.

ಹೊಸದನ್ನು ಮಳೆ ಪೂರ್ತಿ ನಿಂತು ಗಾಳಿ ಒಣಗಿದ ಮೇಲೆ ಶುರುಮಾಡಿ, ಮುಂಬೈಯಲ್ಲಿ ಡಿಸೆಂಬರಿನಿಂದ ಫೆಬ್ರವರಿ ಇದಕ್ಕೆ ಹೇಳಿಮಾಡಿಸಿದ ಕಾಲ. ಅಲ್ಲಿಯವರೆಗೆ ರೆಸಿನ್ ಇಲ್ಲದೆಯೇ ಅಭ್ಯಾಸ ಮಾಡಬಹುದು. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಹಾಳೆಗಳನ್ನು ತಂದು, ಪ್ರತಿ ಪದರವನ್ನು ಒಂದೊಂದು ಹಾಳೆಯಲ್ಲಿ ಬರೆದು, ನಡುವೆ 2 ಮಿ.ಮೀ. ರಟ್ಟಿನ ಪಟ್ಟಿ ಇಟ್ಟು ಪೇರಿಸಿ. ಗಾಳಿಯಲ್ಲಿನ 2 ಮಿ.ಮೀ. ಕಣ್ಣಿಗೆ ರೆಸಿನ್ನಿನ 3 ಮಿ.ಮೀ.ಯಷ್ಟೇ ಕಾಣುತ್ತದೆ. ಯಾವ ಪದರದಲ್ಲಿ ಬಣ್ಣ ಹೆಚ್ಚಾಯಿತು, ಎಲ್ಲಿ ಮೆಟ್ಟಿಲು ಕಾಣುತ್ತದೆ ಎಂಬುದೆಲ್ಲ ಕಾಸು ಖರ್ಚಿಲ್ಲದೆ ಗೊತ್ತಾಗುತ್ತದೆ. ಮಗಳ ಜೊತೆ ಕೂತೇ ಮಾಡಬಹುದಾದ ಕೆಲಸ ಇದು.

ಈಗಿರುವ ಬಟ್ಟಲಿನ ಮೀನನ್ನು ತಿರುಗಿಸಿ ಈಜಿಸಲು ಆಗುವುದಿಲ್ಲ. ಆದರೆ ಫೋಟೋದಲ್ಲಿ ಅಂಚಿನವರೆಗೆ ಇನ್ನೂ ಒಂದಿಷ್ಟು ಜಾಗ ಕಾಣುತ್ತಿದೆ. ಜಿಡ್ಡು ತೊಳೆದು, ತಿಕ್ಕಿ, ಬೆನ್ನಿನಲ್ಲಿ ಬಣ್ಣ ಎದ್ದ ಜಾಗವನ್ನು ಹಾಗೇ ಬಿಟ್ಟು, ಮೇಲೆ ಒಂದು ತೆಳು ಪದರ ಹುಯ್ಯಿರಿ. ಅದು ಗಟ್ಟಿಯಾದ ಮೇಲೆ ಒಂದು ಮೂಲೆಯಲ್ಲಿ ಎದೆಯ ರೆಕ್ಕೆಯೊಂದನ್ನು ಮಾತ್ರ ಬರೆದು ಅದರ ಮೇಲೂ ಹುಯ್ಯಿರಿ. ರೆಕ್ಕೆಯ ನೆರಳು ಕೆಳಗಿನ ಬಂಗುಡೆಯ ಬೆಳ್ಳಿಯ ಮೇಲೆ ಎಷ್ಟು ಮೂಡಿತು, ಎಷ್ಟು ತೆಳು ಬಣ್ಣಕ್ಕೆ ಅದು ಮಾಯವಾಯಿತು ಎಂದು ನೋಡಿ ಬರೆದಿಟ್ಟುಕೊಳ್ಳಿ. ಹೊಸ ಬಟ್ಟಲಿಗೆ ಆ ಅಂದಾಜು ಬೇಕಾಗುತ್ತದೆ.